ಫೋನು ಕೊಟ್ಟುಬಿಡುವ ಶುಕ್ರವಾರ

ಆ ಶುಕ್ರವಾರವೂ ಐದೂವರೆಗೆ ಎದ್ದು ಹಿಟ್ಟು ಕಲಸಿದೆ. ಹಿಂದಿನ ದಿನವೇ ಕಲಸಿಟ್ಟರೆ ಕೆಲಸ ಹಗುರ, ನಿಜ. ಆದರೆ ಫ್ರಿಜ್ಜಿನಲ್ಲಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಸ್ವಲ್ಪ ಕಪ್ಪಾಗಿ, ಚಪಾತಿಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ತಿನ್ನುವವರ ಕಣ್ಣಿಗೆ ಅವು ಬೀಳುವುದಿಲ್ಲ, ನನ್ನ ಕಣ್ಣಿಗೆ ಬೀಳುತ್ತವೆ. ನಲವತ್ತು ಉಂಡೆ ಮಾಡಿ ಒದ್ದೆ ಬಟ್ಟೆ ಮುಚ್ಚಿದೆ. ಹೊಗೆ ಅಲಾರಂ ಕೂಗಿಕೊಳ್ಳಬಾರದೆಂದು ಹಿತ್ತಲ ಬಾಗಿಲನ್ನು ಅರ್ಧ ತೆರೆದು, ಒಲೆಯ ಮೇಲಿನ ಫ್ಯಾನು ಹಾಕಿದೆ. ಕಾಲಿಗೆ ನವೆಂಬರಿನ ಚಳಿಗಾಳಿ, ಮುಖಕ್ಕೆ ಕಾವಲಿಯ ಶಾಖ.

ನಮ್ಮದು ಸ್ಯಾನ್ ಹೊಸೆ ಊರಿನ ಎವರ್‌ಗ್ರೀನಿನಲ್ಲಿ, ಗುಡ್ಡದ ಬುಡದ ಮನೆ. ಯಜಮಾನರ ಆಫೀಸು ಒಂದು ಗಂಟೆ ದೂರದ ವಾಲ್ನಟ್ ಕ್ರೀಕಿನಲ್ಲಿ, ವಾರಕ್ಕೆ ಎರಡು ದಿನ ಹೋದರೆ ಸಾಕು. ಮಗ ಕಾಲೇಜಿಗೆ ಸೇರಿ ಅಲ್ಲಿನ ಹಾಸ್ಟೆಲ್ಲಾದ ಡಾರ್ಮಿಗೆ ಹೋದಮೇಲೆ ಶುಕ್ರವಾರ ನಾನೂ ಅವರ ಜೊತೆ ಕಾರು ಹತ್ತುವುದು ರೂಢಿಯಾಯಿತು. ಅವನು ಆ ಊರಿನ ಗುಡ್ಡದ ಆಚೆಯ ಕಾಲೇಜಿನಿಂದ ರೈಲಿನಲ್ಲಿ ಅಲ್ಲಿಗೆ ಬರುತ್ತಾನೆ. ಅಂಗಡಿ ಬೀದಿಯ ಬೆಂಚಿನ ಮೇಲೆ ಮೂವರೂ ಊಟ ಮಾಡುತ್ತೇವೆ. ತುಂಬಿದ ಡಬ್ಬಿ ಅವನಿಗೆ, ಹೋದ ವಾರದ ಖಾಲಿ ಡಬ್ಬಿ ನನಗೆ.

ಎರಡನೇ ವರ್ಷ ಶುರುವಾದಾಗ ಹನ್ನೆರಡು ಚಪಾತಿ ಸಾಕಾಗುತ್ತಿತ್ತು. ಆಮೇಲೆ "ಅಮ್ಮ, ಕ್ಯಾನ್ ಯು ಮೇಕ್ ಟ್ವೆಂಟಿ?" ಎಂದ. ಆಮೇಲೆ ನಲವತ್ತು. ನನಗೆ ಹಿಗ್ಗೋ ಹಿಗ್ಗು. ಊರಿಗೆ ಫೋನು ಮಾಡಿದಾಗ ಅಮ್ಮನಿಗೆ, "ಈಗ ಚೆನ್ನಾಗಿ ತಿಂತಾನೆ ಕಣಮ್ಮ" ಎಂದೆ. "ಬೆಳೆಯೋ ಹುಡುಗ, ತುಪ್ಪ ಹಚ್ಚಿ ಕಳ್ಸು" ಎಂದಳು ಅಮ್ಮ. ಹಚ್ಚಿ ಕಳಿಸುತ್ತಿದ್ದೆ.

ಆದರೆ ಆ ಬೆಳಿಗ್ಗೆ ನನ್ನ ಮನಸ್ಸು ಚಪಾತಿಯಲ್ಲಿರಲಿಲ್ಲ. ಎರಡು ಸೀದವು. ಆ ಸಂಜೆ ಐದಕ್ಕೆ ಮಗ ತನ್ನ ಫೋನನ್ನು ಬೇರೆಯವರ ಕೈಗೆ ಕೊಟ್ಟುಬಿಡುವವನಿದ್ದ. ಭಾನುವಾರ ಮಧ್ಯಾಹ್ನದವರೆಗೆ ಅದು ಅವನಿಗೆ ಸಿಗುವುದಿಲ್ಲ. ಅಷ್ಟು ಹೊತ್ತು ಅವನು ಎಲ್ಲಿರುತ್ತಾನೆ, ಅವನ ಕೈಲಿ ಏನು ಮಾಡಿಸುತ್ತಾರೆ, ತಿಳಿಯುವುದಕ್ಕೆ ನನಗೆ ದಾರಿಯೇ ಇರಲಿಲ್ಲ.

ಅವನು ಫ್ರಟರ್ನಿಟಿಗೆ ಸೇರುತ್ತಿದ್ದ. ಕಾಲೇಜು ಹುಡುಗರದೇ ಒಂದು ಸಂಘ, ಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರ ಬರೆದ ಅವರದೇ ಒಂದು ಮನೆ, ಒಳಗಿರುವವರೆಲ್ಲ ಒಬ್ಬರಿಗೊಬ್ಬರು 'ಬ್ರದರ್'. ಸೇರಬೇಕೆನ್ನುವವರು ಎಂಟು ವಾರ ಹೊಸಬರಾಗಿ ಅವರು ಹೇಳಿದ ಹಾಗೆ ಕೇಳಿಕೊಂಡಿರಬೇಕು. ಆ ಹೊಸಬರಿಗೆ ಪ್ಲೆಡ್ಜ್ ಎನ್ನುತ್ತಾರೆ. ಕೊನೆಯಲ್ಲಿ ಎರಡು ದಿನ ಏನೋ ಒಂದು ವಿಧಿ ನಡೆದು ಒಳಗೆ ಸೇರಿಸಿಕೊಳ್ಳುತ್ತಾರೆ. ಏನು ವಿಧಿ ಎನ್ನುವುದು ಗುಟ್ಟು. ಹೊರಗಿನವರಿಗೆ ಹೇಳುವಂತಿಲ್ಲ, ಹೆತ್ತವರಿಗೂ ಇಲ್ಲ.

ಇದೆಲ್ಲ ನನಗೆ ತಿಳಿದದ್ದು ಕಾಲೇಜಿನವರು ತಂದೆತಾಯಿಯರಿಗೆಂದು ಬರೆದಿಟ್ಟ ಒಂದು ಪುಟದಿಂದ. ಹೊಸಬರನ್ನು ಹಿಂಸಿಸುವುದು ಈ ರಾಜ್ಯದಲ್ಲಿ ಅಪರಾಧ, ಯಾವ ಹೊಸಬನೂ ಯಾವ ಕ್ಷಣದಲ್ಲೂ ಬೇಡವೆಂದು ಎದ್ದು ಬರಬಹುದು ಎಂದು ಅದರಲ್ಲಿತ್ತು. ಯಾರಾದರೂ ಕುಡಿದು ಎಚ್ಚರ ತಪ್ಪಿದರೆ ಮೊದಲು ಆಂಬುಲೆನ್ಸಿಗೆ ಫೋನು ಮಾಡಿ, ಮಾಡಿದವರ ಮೇಲೆ ಕಾಲೇಜು ಕ್ರಮ ತೆಗೆದುಕೊಳ್ಳುವುದಿಲ್ಲ ಎಂದೂ ಇತ್ತು. ಮಗನನ್ನು ಕೇಳಬೇಕಾದ ಪ್ರಶ್ನೆಗಳಿದ್ದವು. ಅವನ್ನು ಗ್ರೋಸರಿ ಪಟ್ಟಿಯ ಹಿಂಬದಿಗೆ, ಕಾನ್ವೆಂಟಿನಲ್ಲಿ ಸಿಸ್ಟರು ತಿದ್ದಿಸಿದ ಬಾಗು ಅಕ್ಷರದಲ್ಲಿ, ಬರೆದುಕೊಂಡು ಪರ್ಸಿನಲ್ಲಿಟ್ಟಿದ್ದೆ. ಓದಿ ಧೈರ್ಯ ಬಂದಿತ್ತೆಂದರೆ ಸುಳ್ಳಾದೀತು. ಇಷ್ಟೆಲ್ಲ ಬರೆದಿಡಬೇಕಾಗಿ ಬಂದದ್ದು ಯಾಕೆ ಎಂದೇ ಯೋಚನೆಯಾಗುತ್ತಿತ್ತು.

ಬೇಡ ಎನ್ನಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಮೊದಲ ವರ್ಷ ಪೂರ್ತಿ ಅವನು ಒಬ್ಬನೇ ಕೂತು ಉಣ್ಣುತ್ತಿದ್ದ. ವಿಡಿಯೋ ಕಾಲಿನಲ್ಲಿ ಅವನ ಹಿಂದೆ ಬರೀ ಗೋಡೆ, ಯಾರ ದನಿಯೂ ಇಲ್ಲ. ಈ ವರ್ಷ ಹಿಂದೆ ಯಾವಾಗಲೂ ಯಾರೋ ನಗುತ್ತಿರುತ್ತಾರೆ, ಯಾರೋ ಅವನ ಹೆಸರು ಹಿಡಿದು ಕೂಗುತ್ತಾರೆ. ಆ ನಗು ಕೇಳಿದಮೇಲೆ ಬೇಡ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಏಳೂವರೆಗೆ ಕಾರಿನಲ್ಲಿ ಡಬ್ಬಿ ಇಡುವಾಗ ಎದುರು ಮನೆಯ ಆಂಟಿ ತಮ್ಮ ಪರ್ಸಿಮನ್ ಹಣ್ಣಿನ ಮರದ ಕೆಳಗೆ ಎಲೆ ಗುಡಿಸುತ್ತಿದ್ದರು. ಧಾರವಾಡದವರು. ಬಂದು ಮೂವತ್ತು ವರ್ಷವಾದರೂ ಮಾತು ಅಲ್ಲಿಯದೇ.

"ಇಷ್ಟ್ ಲಗೂನ ಹೊಂಟ್ರೇನವಾ?"

"ಹೌದು ಆಂಟಿ, ಮಗನಿಗೆ ಊಟ ಕೊಡೋಕೆ."

"ಕೊಡ್ರಿ ಕೊಡ್ರಿ. ಹಣ್ಣ ಇನ್ನೂ ಒಗರ ಅದಾವ, ಇಲ್ಲಂದ್ರ ಅವಗ ಎರಡ ಕೊಟ್ಟ ಕಳಸ್ತಿದ್ದೆ."

ಮಗ ಒಂದನೇ ಕ್ಲಾಸಿನಲ್ಲಿದ್ದಾಗ ನಾನು ಡ್ರೈವಿಂಗ್ ಕಲಿಯುತ್ತಿದ್ದೆ. ಶಾಲೆ ಬಿಟ್ಟಮೇಲೆ ಅವನು ಆಂಟಿಯ ಮನೆಯಲ್ಲಿ ಇರುತ್ತಿದ್ದ. ಅವರ ಅಡುಗೆಮನೆಯ ಗೋಡೆಯಲ್ಲಿ ಸುರುಳಿ ವೈರಿನ ಹಸಿರು ಫೋನು. ಅದರ ನಂಬರನ್ನು ಆಂಟಿ ಮಗ್ಗಿಯಂತೆ ರಾಗ ಹಾಕಿ ಕಲಿಸಿದ್ದರು. "ನಾಕ, ಸೊನ್ನಿ, ಎಂಟ" ಎಂದು ಅವನು ಶುರುಮಾಡಿ, ಉಯ್ಯಾಲೆಯ ತಾಳಕ್ಕೆ ಹತ್ತೂ ಅಂಕಿ ಹೇಳಿ ಮುಗಿಸುತ್ತಿದ್ದ. ನಾವು ಹಾಸನದ ಕಡೆಯವರು. ಮಗನ ಬಾಯಲ್ಲಿ ಧಾರವಾಡದ ಸೊನ್ನಿ ಕೇಳಿ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ನನ್ನ ಮತ್ತು ಆಂಟಿಯ ಮಾತೆಲ್ಲ ಮನೆ ಮುಂದಿನ ಡ್ರೈವ್‌ವೇಯಲ್ಲೇ ಮುಗಿಯುತ್ತದೆ. ಅವರ ಒಳಮನೆ ನೋಡಿ ಎಷ್ಟು ಕಾಲವಾಯಿತೋ.

ಫ್ರೀವೇ ಹತ್ತಿದಮೇಲೆ ಯಜಮಾನರು ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು.

"ಈ ಮುಖ ಇಟ್ಕೊಂಡು ಅವನ ಮುಂದೆ ಕೂರ್ಬೇಡ ಕಣೆ. ನಮ್ಮ ಹಾಸ್ಟೆಲಲ್ಲಿ ಏನು ಕಮ್ಮಿ ಇತ್ತಾ? ಒಬ್ಬ ಸೀನಿಯರ್ ಒಂದು ಬೆಂಕಿಕಡ್ಡಿ ಕೈಗೆ ಕೊಟ್ಟು ಕಾರಿಡಾರ್ ಉದ್ದ ಅಳಿ ಅಂದಿದ್ದ ನನಗೆ. ಮಂಡಿ ಊರ್ಕೊಂಡು ಅಳ್ದೆ. ತಪ್ಪು ಲೆಕ್ಕ, ಇನ್ನೊಂದು ಸಲ ಅಂದ."

"ಅಳೆದ್ರಾ?"

"ಅಳೀದೆ ಇರಕ್ಕಾಗತ್ತಾ? ಆಮೇಲೆ ಅದೇ ಸೀನಿಯರ್ ಅಲ್ವಾ ನನ್ನ ರೆಸ್ಯೂಮೆ ತಗೊಂಡ್ ಬಂದು ಇಲ್ಲಿ ಕೊಟ್ಟಿದ್ದು? ಅವನಿಲ್ದಿದ್ರೆ ನೀನು ಇವತ್ತು ಈ ಕಾರಲ್ಲಿ ಕೂತಿರ್ತಿದ್ದಾ?"

"ನೀವು ಸೀನಿಯರ್ ಆದ್ಮೇಲೆ ಜೂನಿಯರ್ಸ್ ಕೈಲಿ ಏನು ಮಾಡಿಸ್ತಿದ್ರಿ?"

ಹಿಂದೆ ಯಾವ ಗಾಡಿಯೂ ಇರಲಿಲ್ಲ. ಆದರೂ ಕನ್ನಡಿ ನೋಡಿ, ಇಂಡಿಕೇಟರು ಹಾಕಿ, ಲೇನು ಬದಲಿಸಿದರು. "ಅವೆಲ್ಲ ಯಾರಿಗೆ ನೆನಪಿರತ್ತೆ ಬಿಡು" ಎಂದರು.

ಹನ್ನೆರಡೂಕಾಲಿಗೆ ಮಗ ಬಂದ. ಬಿಳಿ ಶರಟು, ನೀಲಿ ಟೈ, ಟೈಯ ಮೇಲೆ ಗುಂಡಿಯಷ್ಟು ದೊಡ್ಡ ಪಿನ್ನು. ಮದುವೆಗೆ ಕರೆದರೂ ಟೀಶರ್ಟಿನಲ್ಲಿ ಬರುವ ಹುಡುಗ. ಶರಟಿನ ಕಾಲರಿಗೆ ಇಸ್ತ್ರಿ ಆಗಿತ್ತು, ಬೆನ್ನಿಗೆ ಆಗಿರಲಿಲ್ಲ. ಕಣ್ಣಿನ ಕೆಳಗೆ ಬೆರಳಿಂದ ಒರೆಸಿದಂತೆ ಕಪ್ಪು. ಅಪ್ಪನೂ ಮಗನೂ ಫುಟ್‌ಬಾಲಿನ ಮಾತಾಡುತ್ತ ಚಿತ್ರಾನ್ನ ತಿಂದರು. ಹತ್ತು ನಿಮಿಷಕ್ಕೆ ಯಜಮಾನರ ಫೋನು ಗುಂಯ್‌ಗುಟ್ಟಿತು. "ಮೀಟಿಂಗು. ಆಲ್ ದ ಬೆಸ್ಟ್ ಮಗನೇ, ಕಾರಿಡಾರ್ ಅಳಿ ಅಂದ್ರೆ ಟೇಪ್ ತಗೊಂಡ್ ಹೋಗು" ಎಂದು ಅವನ ಭುಜ ತಟ್ಟಿ ಹೊರಟುಹೋದರು.

ನಾವಿಬ್ಬರೇ ಉಳಿದೆವು. ಅವನು ಖಾಲಿ ಡಬ್ಬಿಯ ಚೀಲವನ್ನು ನನ್ನ ಕಡೆ ತಳ್ಳಲು ಬಗ್ಗಿದಾಗ ಪ್ಯಾಂಟಿನ ಜೇಬಿನಿಂದ ಒಂದು ಲೈಟರು ಕೆಳಗೆ ಬಿತ್ತು.

"ಸಿಗರೇಟ್ ಸೇದ್ತಿದೀಯಾ?"

"ನೋ! ಅಮ್ಮ, ನೋ." ಜೇಬಿಗೆ ಕೈಹಾಕಿ ಎಲ್ಲವನ್ನೂ ಬೆಂಚಿನ ಮೇಲಿಟ್ಟ: ಲೈಟರು, ಚ್ಯೂಯಿಂಗ್ ಗಮ್ಮು, ಎರಡು ಪೆನ್ನು, ತಲೆನೋವಿನ ಮಾತ್ರೆ. "ಬ್ರದರ್ಸ್ ಕೇಳಿದ್ರೆ ನಮ್ಮತ್ರ ಇರ್ಬೇಕು. ದಟ್ಸ್ ಆಲ್."

"ಇಲ್ದಿದ್ರೆ?"

"ಪುಷಪ್ಸ್. ಇಟ್ಸ್ ಫನ್ನಿ, ಆಕ್ಚುಲಿ."

ಅವನು ನಗಲಿಲ್ಲ. ನಾನು ಪರ್ಸಿನಿಂದ ಪಟ್ಟಿ ತೆಗೆದೆ. ಒಂದು ಬದಿಗೆ ಹುಣಸೆಹಣ್ಣು, ತೊಗರಿಬೇಳೆ. ಇನ್ನೊಂದು ಬದಿಗೆ ನನ್ನ ಪ್ರಶ್ನೆಗಳು. ಅದನ್ನು ನೋಡಿ ಅವನು, "ಓ ಮೈ ಗಾಡ್, ನೀನು ಇಂಟರ್‌ವ್ಯೂ ಮಾಡ್ತೀಯಾ?" ಎಂದ.

ಮಾಡಿದೆ. ಕಾಲೇಜು ಈ ಸಂಘವನ್ನು ಒಪ್ಪಿದೆಯೇ? ಯೆಸ್. ಮೇಲೆ ನೋಡಿಕೊಳ್ಳಲು ದೊಡ್ಡವರು ಯಾರಾದರೂ ಇದ್ದಾರೆಯೇ? ಹಳೆಯ ಮೆಂಬರ್ ಒಬ್ಬರು, ಬೇರೆ ಊರಲ್ಲಿದ್ದಾರೆ. ಈ ಎರಡು ದಿನ ಅವರು ಇರುತ್ತಾರೆಯೇ? ಐ ಡೋಂಟ್ ನೋ. ಕುಡಿಯುವುದು ಇರುತ್ತದೆಯೇ? ಅದಕ್ಕೆ ಅವನು ಬೀದಿಯ ಆಚೆ ನೋಡಿದ. ನಿನ್ನ ಫೋನು ಯಾರ ಹತ್ತಿರ ಇರುತ್ತದೆ? ಸಂಘದ ಪ್ರೆಸಿಡೆಂಟನ ರೂಮಿನಲ್ಲಿ ಒಂದು ಶೂ ಡಬ್ಬದಲ್ಲಿ, ಎಲ್ಲರದೂ.

ಕೈಗೆ ಏನಾದರೂ ಕೆಲಸ ಬೇಕಿತ್ತು. ಚೀಲದಿಂದ ಖಾಲಿ ಡಬ್ಬಿ ತೆಗೆದೆ. ನನ್ನ ಮಗ ತೊಳೆದರೆ ಡಬ್ಬಿಯ ಅಂಚಿನಲ್ಲಿ ಅರಿಸಿನದ ಹಳದಿ ಗೆರೆ ಉಳಿದೇ ಉಳಿಯುತ್ತದೆ. ಈ ಸಲದ ಡಬ್ಬಿಗಳು ಹೊಸದರಂತೆ ಹೊಳೆಯುತ್ತಿದ್ದವು, ನನಗೆ ಗೊತ್ತಿಲ್ಲದ ಯಾವುದೋ ನಿಂಬೆ ಸೋಪಿನ ವಾಸನೆ. ಮುಚ್ಚಳದ ಮೇಲೆ ಬಿಳಿ ಟೇಪು, ಅದರ ಮೇಲೆ ದಪ್ಪ ಪೆನ್ನಿನಲ್ಲಿ 7.

"ಏಳು ಅಂದ್ರೆ?"

"ದಟ್ಸ್ ಮೀ. ಪ್ಲೆಡ್ಜ್ ಸೆವೆನ್."

"ಹೆಸರು ಹಿಡಿದು ಕರೆಯೋದು ಕೇಳಿದ್ದೆನಲ್ಲ?"

"ಅದು ನಮ್ಮ ಪ್ಲೆಡ್ಜಸ್. ಬ್ರದರ್ಸ್ ನಂಬರ್ ಹೇಳ್ತಾರೆ. ಈ ವೀಕೆಂಡ್ ಆದ್ಮೇಲೆ ಹೆಸರು ವಾಪಸ್ ಬರತ್ತೆ."

ನಾನು ಆ ಟೇಪನ್ನು ಉಗುರಿನಿಂದ ಕೆರೆಯತೊಡಗಿದೆ. ಅದು ಸುಲಭಕ್ಕೆ ಬರಲಿಲ್ಲ. ಅವನು ನನ್ನ ಬೆರಳನ್ನೇ ನೋಡುತ್ತ, ಮೆಲ್ಲಗೆ ಹೇಳಿದ: "ಅಮ್ಮ, ಚಪಾತಿ... ನಾನು ಎರಡೇ ತಿನ್ನೋದು. ಫ್ರೈಡೇ ಊಟ ನನ್ನ ಜಾಬ್. ಬ್ರದರ್ಸ್‌ಗೆ ತರ್ಬೇಕು. ನಾನು ಬಡಿಸ್ಬೇಕು, ಆಮೇಲೆ ತೊಳೀಬೇಕು."

ನಲವತ್ತು ಚಪಾತಿ. ತುಪ್ಪ ಹಚ್ಚಿ, ಒಂದೊಂದನ್ನೂ ಮಡಿಸಿ, ನಾನು ಯಾರಿಗೆ ಹೆದರುತ್ತಿದ್ದೆನೋ ಅವರಿಗೇ ತಿಂಗಳಿಂದ ಉಣಬಡಿಸುತ್ತ ಬಂದಿದ್ದೆ!

"ದೇ ಲವ್ ಇಟ್, ಅಮ್ಮ. ಎಲ್ರೂ ಕೇಳ್ತಾರೆ, ಇದನ್ನ ಯಾರು ಮಾಡ್ತಾರೆ ಅಂತ."

ನಾಚಿಕೆಯಾಗುತ್ತದೆ ಹೇಳಲು. ಆ ಮಾತಿಗೆ ನನ್ನೊಳಗೆ ಎಲ್ಲೋ ಒಂದು ಕಡೆ ಸಂತೋಷವಾಯಿತು. ಅದಾದ ಮರುಕ್ಷಣವೇ ನನ್ನ ಮೇಲೇ ಹೇಸಿಗೆಯಾಯಿತು. ಎರಡೂ ಒಟ್ಟಿಗೆ ಆದ ಆ ಅನುಭವ ನನಗೆ ಹೊಸದಲ್ಲ ಎಂಬುದು ಆಗ ನೆನಪಾಯಿತು. ಮೂವತ್ತೈದು ವರ್ಷದಿಂದ ಯಾರಿಗೂ ಹೇಳದ ಒಂದು ಮಾತನ್ನು ಆ ಬೆಂಚಿನ ಮೇಲೆ ಕೂತು ಅವನಿಗೆ ಹೇಳಿದೆ.

ನಾನು ಓದಿದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಹುಡುಗಿಯರನ್ನು ನಾಲ್ಕು ಹೌಸುಗಳಾಗಿ ಮಾಡಿದ್ದರು. ಹೊಸದಾಗಿ ಬಂದವರನ್ನು ಹೌಸಿಗೆ ಸೇರಿಸಿಕೊಳ್ಳಲು ದೊಡ್ಡ ಹುಡುಗಿಯರು ಒಂದು ಆಟ ಹೂಡಿದ್ದರು. ಬೆಡ್‌ಶೀಟು, ಕಂಬಳಿ ಇಡುವ ಕಿಟಕಿಯಿಲ್ಲದ ಕೋಣೆಗೆ ಹೊಸಬಳನ್ನು ಕೂಡಿ, ಚಿಲಕ ಹಾಕುವುದು. ಒಳಗಿನಿಂದ ಅವಳು ಹೌಸಿನ ಪ್ರಾರ್ಥನೆಯನ್ನು ಹತ್ತು ಸಲ ತಪ್ಪಿಲ್ಲದೆ ಹೇಳಬೇಕು. ನನ್ನನ್ನೂ ಕೂಡಿದ್ದರು. ಹೇಳಿದೆ, ಬಾಗಿಲು ತೆಗೆದರು, ಎಲ್ಲರೂ ಅಪ್ಪಿಕೊಂಡರು. ಅಷ್ಟು ಖುಷಿ ನನಗೆ ಬಾಲ್ಯದಲ್ಲಿ ಇನ್ನೊಂದು ದಿನ ಆಗಿರಲಿಲ್ಲ.

ಮಾರನೆಯ ವರ್ಷ ಬಂದ ಹುಡುಗಿಗೆ ಉಬ್ಬಸವಿತ್ತು. ನಾವು ಆರು ಜನ ಹೊರಗೆ ನಿಂತಿದ್ದೆವು. ನಾಲ್ಕನೇ ಸಲಕ್ಕೆ ಅವಳ ಪ್ರಾರ್ಥನೆ ನಿಂತು, ಬರೀ ಉಸಿರು ಕೇಳಿಸತೊಡಗಿತು. ಬಾಗಿಲಿಗೆ ಹತ್ತಿರವಿದ್ದವಳು ನಾನು. ಅದೇ ಹೊತ್ತಿಗೆ ಸಿಸ್ಟರೊಬ್ಬರು ಬೀಗದ ಕೈ ಗೊಂಚಲು ಹಿಡಿದು ವರಾಂಡದಲ್ಲಿ ಬಂದರು. "ಎವ್ರಿಥಿಂಗ್ ಆಲ್ ರೈಟ್, ಗರ್ಲ್ಸ್?" ಎಂದರು. ನಾವು ಆರೂ ಜನ ಕೈಕಟ್ಟಿ ನಿಂತು, ಒಂದೇ ದನಿಯಲ್ಲಿ, "ಯೆಸ್, ಸಿಸ್ಟರ್" ಎಂದೆವು.

ಸಿಸ್ಟರು ಮೆಟ್ಟಿಲಿಳಿದು ಹೋದಮೇಲೆ ಬಾಗಿಲು ತೆಗೆದೆವು. ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನೀರು ಕುಡಿಸಿ, ಬೆನ್ನು ತಿಕ್ಕಿ, ಯಾರಿಗೂ ಹೇಳಬೇಡವೆಂದೆವು. ಹೇಳಲಿಲ್ಲ ಅವಳು. ಕ್ರಿಸ್‌ಮಸ್ ರಜಕ್ಕೆ ಊರಿಗೆ ಹೋದವಳು ಮರಳಿ ಬರಲೂ ಇಲ್ಲ.

ಬೆಂಚಿನ ಮುಂದೆ ಒಂದು ಮಗು ಪಾರಿವಾಳಗಳ ಹಿಂದೆ ಓಡುತ್ತಿತ್ತು.

"ಅಪ್ಪಂಗೆ ಗೊತ್ತಾ ಇದು?"

"ಇಲ್ಲ."

"ಯು ಕುಡ್ ಹ್ಯಾವ್ ಓಪನ್ಡ್ ದ ಡೋರ್."

"ಹೂಂ. ಚಿಲಕ ನನ್ನ ಕೈಗೆ ಸಿಗೋ ಹಾಗೇ ಇತ್ತು." ಅವನು ತಲೆಯೆತ್ತಿ ನೋಡಿದ. "ನೀನು ಕೆಟ್ಟವನಲ್ಲ ಅಂತ ನಂಗೊತ್ತು. ಅವರೂ ಕೆಟ್ಟವರಿರಲಾರರು. ನಾವೂ ಕೆಟ್ಟ ಹುಡುಗಿಯರಲ್ಲ. ಈ ಎರಡು ದಿನದಲ್ಲಿ ನಿನಗಾಗಲಿ, ಪಕ್ಕದವನಿಗಾಗಲಿ ಏನಾದ್ರೂ ಆದಾಗ ನೀನು ಯೆಸ್ ಸಿಸ್ಟರ್ ಅಂದುಬಿಡ್ತೀಯ ಅಂತ ನನಗೆ ಭಯ. ಎದ್ದು ಫೋನ್ ಮಾಡು. ಅಷ್ಟೇ ಕೇಳೋದು."

"ಅಮ್ಮ, ಫೋನೇ ಇರಲ್ಲ ಅಂದ್ನಲ್ಲ" ಎಂದು ಎದ್ದುನಿಂತ. ರೈಲಿಗೆ ಹೊತ್ತಾಗಿತ್ತು. ಮಾತು ಕೊಡು ಎಂದೆ. ಅವನು ಕೊಡಲಿಲ್ಲ, "ಐ ಹ್ಯಾವ್ ಟು ಗೋ" ಎಂದ. ಚಪಾತಿಯ ಚೀಲ ನನ್ನ ಮಡಿಲಿನಲ್ಲೇ ಇತ್ತು. ಕೊಡದಿದ್ದರೆ ಅವನಿಗೆ ಅಲ್ಲಿ ಏನು ಕಾದಿರುತ್ತದೋ. ಕೊಟ್ಟೆ. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಿಂದ ಟೈ ಸರಿಮಾಡಿಕೊಳ್ಳುತ್ತಿದ್ದ. ಹಿಂತಿರುಗಿ ನೋಡಲಿಲ್ಲ. ಈಗಲೂ ಆ ದಿನದ ಮಾತು ಬಂದರೆ ಅವನು ನನಗೆ ಬೆನ್ನು ಮಾಡಿ, ಏನೂ ಬೇಡದಿದ್ದರೂ ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುತ್ತಾನೆ.

ಮೂರು ಗಂಟೆಗೆ ಯಜಮಾನರ ಜೊತೆ ವಾಪಸು ಹೊರಟೆ. ಟ್ರಾಫಿಕ್ಕಿನಲ್ಲಿ ಕಾರು ಇರುವೆಯಂತೆ ಸಾಗಿತು. ನಾನು ಫೋನಿನ ಮ್ಯಾಪಿನಲ್ಲಿ ಮಗನ ನೀಲಿ ಚುಕ್ಕೆಯನ್ನು ನೋಡುತ್ತ ಕೂತಿದ್ದೆ. ಲೈಬ್ರರಿ. ಡಾರ್ಮು. ಆಮೇಲೆ ಆ ಮೂರಕ್ಷರದ ಮನೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ಐದಕ್ಕೆ ಎರಡು ನಿಮಿಷ ಇರುವಾಗ, ಅವನ ಮೆಸೇಜು ಬಂತು. ಇಂಗ್ಲಿಷಿನಲ್ಲಿತ್ತು. ಅದರ ಒಂದೊಂದು ಪದವೂ ನನಗೆ ನೆನಪಿದೆ. ಫೋನು ಕೊಡುತ್ತಿದ್ದೇನೆ, ಏನಾದರೂ ಆದರೆ ಯಾರದಾದರೂ ಫೋನು ತೆಗೆದುಕೊಂಡು ಕರೆ ಮಾಡುತ್ತೇನೆ, ಪ್ರಾಮಿಸ್. ನಿನ್ನ ನಂಬರೂ ಅಪ್ಪನ ನಂಬರೂ ಬಾಯಿಗೆ ಬರುವುದಿಲ್ಲ, ಸಾರಿ. ಎದುರು ಮನೆ ಆಂಟಿಯದು ಬರುತ್ತದೆ, ನಾನು ಕಲಿತದ್ದು ಅದೊಂದೇ. ಅಲ್ಲಿಗೇ ಮಾಡುತ್ತೇನೆ. ಅವರಿಗೆ ಹೇಳಿರು. ಅದರ ಕೆಳಗೆ ಇನ್ನೊಂದು ಸಾಲು: ನೋ ಯೆಸ್ ಸಿಸ್ಟರ್.

ನಾನು ಅವಸರದಲ್ಲಿ ನನ್ನ ಹತ್ತು ಅಂಕಿ ಒತ್ತಿ ಕಳಿಸಿದೆ. ತಲುಪಿತೆಂಬ ಗುರುತು ಬರಲಿಲ್ಲ. ಮ್ಯಾಪಿನಲ್ಲಿ ಚುಕ್ಕೆ ಬೂದುಬಣ್ಣಕ್ಕೆ ತಿರುಗಿ, ಆಮೇಲೆ ಇಲ್ಲವಾಯಿತು.

ಆದರೂ ಬೆಳಗಿನಿಂದ ಮೊದಲ ಬಾರಿಗೆ ಎದೆ ಹಗುರವಾಗಿತ್ತು. ಮಾತು ಕೊಟ್ಟಿದ್ದ. ಯಜಮಾನರು ಮೆಸೇಜು ಓದಿ, "ಯೆಸ್ ಸಿಸ್ಟರ್ ಅಂದ್ರೆ ಏನೇ?" ಎಂದರು. ಆಮೇಲೆ ಹೇಳ್ತೀನಿ ಎಂದು ಬರಿಗಾಲಿನಲ್ಲೇ ರಸ್ತೆ ದಾಟಿದೆ. ಕತ್ತಲು ಇಳಿಯುತ್ತಿತ್ತು. ಆಂಟಿ ಗ್ಯಾರೇಜಿನ ದೀಪದ ಕೆಳಗೆ, ಒಗರು ಇಳಿಯಲೆಂದು, ಹಣ್ಣುಗಳನ್ನು ಕಾಗದದ ಚೀಲಕ್ಕೆ ತುಂಬುತ್ತಿದ್ದರು.

"ಬರ್ರಿ ಬರ್ರಿ. ಮಗಾ ಹ್ಯಾಂಗಿದ್ದಾನ?"

"ಚೆನ್ನಾಗಿದಾನೆ ಆಂಟಿ." ಅಭ್ಯಾಸಬಲದಿಂದ ಹಾಗೆಂದುಬಿಟ್ಟೆ. ಆಮೇಲೆ, "ನಿಮ್ಮನೆ ನಂಬರ್ ಅವನಿಗೆ ಇನ್ನೂ ಬಾಯಿಪಾಠ ಇದೆಯಂತೆ" ಎಂದು ಶುರುಮಾಡಿದೆ.

ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಇದ್ದುದರಲ್ಲಿ ಮೆತ್ತಗಿನ ನಾಲ್ಕು ಹಣ್ಣು ಆರಿಸಿ ನನ್ನ ಕೈಗಿಟ್ಟರು.

"ನಾಕ ಸೊನ್ನಿ ಎಂಟ? ಅಯ್ಯ ನನ್ನ ಕೂಸಽ! ಆ ಫೋನ್ ತಗಿಸಿ ಒಂದ ಯುಗಾದಿ ಆಗಿ ಹೋತಲ್ಲವಾ. ಬರೇ ಏನರೆ ಮಾರಾವ್ರ ಕಾಲ್ ಬರ್ತಿದ್ವು. ಆ ನಂಬರಿಗೆ ಈಗ ಯಾರ್ ಮಾಡ್ತಾರ ಹೇಳ್ರಿ?"